ಸ್ಪೇನಿನಲ್ಲಿ ವಾರ್ಡ್ ಮೆಂಬರ್ ಇಲ್ಲ, ಹಾಗಾದರೆ ಯಾರನ್ನು ಕೇಳಬೇಕು?

ವಲೆನ್ಸಿಯಾಕ್ಕೆ ಹೊಸದಾಗಿ ಬಂದು ಮನೆ ಮಾಡಿದ ಕನ್ನಡಿಗರು ಮೊದಲ ತಿಂಗಳಲ್ಲೇ ನನ್ನನ್ನು ಕೇಳುವ ಪ್ರಶ್ನೆ ಇದು. ಬೀದಿ ದೀಪ ಕೆಟ್ಟಿದೆ, ಇಲ್ಲಿನ ವಾರ್ಡ್ ಮೆಂಬರ್ ಯಾರು? ಅಂಥವರು ಯಾರೂ ಇಲ್ಲ ಅಂದರೆ ನಂಬುವುದೇ ಇಲ್ಲ. ನಾನು ನೀರು ಸರಬರಾಜಿನ ಇಂಜಿನಿಯರ್. ಇಲ್ಲಿನ ಸಣ್ಣ ದೊಡ್ಡ ಊರುಗಳ ನಗರಸಭೆಗಳಿಗೆ ಪೈಪು, ಪಂಪು, ಮೀಟರಿನ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ನನಗೂ ಇದು ಅರ್ಥವಾಗಿರಲಿಲ್ಲ. ಯಾರ ಕೈಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ತಪ್ಪು ಬಾಗಿಲುಗಳನ್ನು ತಟ್ಟಿ ವರ್ಷಗಟ್ಟಲೆ ಕಳೆದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಪೇನಿನಲ್ಲಿ 8,100ಕ್ಕೂ ಜಾಸ್ತಿ ನಗರಸಭೆಗಳಿವೆ. ಮ್ಯಾಡ್ರಿಡ್‌ನಂಥ ಮಹಾನಗರಕ್ಕೂ ಬೆಟ್ಟದ ಮೇಲಿನ ನೂರು ಜನರ ಹಳ್ಳಿಗೂ ಹೆಸರು ಒಂದೇ, ಅಯುಂತಾಮಿಯೆಂತೊ. ಚುನಾವಣೆಯ ದೃಷ್ಟಿಯಲ್ಲಿ ಇಡೀ ಊರು ಒಂದೇ ಕ್ಷೇತ್ರ. ಮ್ಯಾಡ್ರಿಡ್‌ನಲ್ಲಿ 21 ಜಿಲ್ಲೆಗಳಿವೆ, ಬಾರ್ಸಿಲೋನಾದಲ್ಲಿ 10. ಆದರೆ ಅವು ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಭಾಗಗಳು ಮಾತ್ರ. ಒಂದೊಂದು ಜಿಲ್ಲೆಯನ್ನೂ ಒಬ್ಬ ಕೌನ್ಸಿಲರ್ ನೋಡಿಕೊಳ್ಳುತ್ತಾರೆ, ನಿಜ. ಅವರನ್ನು ಅಲ್ಲಿಗೆ ಹಾಕುವುದು ಮೇಯರ್, ಆ ಜಿಲ್ಲೆಯ ಜನ ಅಲ್ಲ.

ಜನ ಆರಿಸುವುದು ಪಟ್ಟಿಯನ್ನು. ಪಕ್ಷ ತನ್ನ ಹೆಸರುಗಳನ್ನು ಸಾಲಾಗಿ ಅಚ್ಚು ಹಾಕಿಸಿದ ಬಿಳಿ ಚೀಟಿ ಇರುತ್ತದೆ. ನೀವು ಒಂದು ಚೀಟಿ ತೆಗೆದುಕೊಂಡು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡಬೇಕು, ಅಷ್ಟೇ. ಇಷ್ಟವಿಲ್ಲದ ಹೆಸರಿನ ಮೇಲೆ ಗೀಟು ಎಳೆದರೆ ಮತ ರದ್ದು. ಮತಗಟ್ಟೆಯಲ್ಲಿ ಕೂತಿರುವವರು ಸರ್ಕಾರಿ ನೌಕರರಲ್ಲ, ಮತದಾರರಲ್ಲೇ ಚೀಟಿ ಎತ್ತಿ ಆರಿಸಿದ ಮೂವರು. ಹೆಸರು ಬಂದರೆ ಹೋಗಲೇಬೇಕು. ಸಂಜೆ ಮತ ಎಣಿಸುವುದೂ ಅವರೇ. ಪಕ್ಕದ ಮನೆಯವರೇ ಕೂತು ಎಣಿಸುವ ಈ ಪದ್ಧತಿ ನನಗೆ ತುಂಬ ಇಷ್ಟ.

ಎಷ್ಟು ಸೀಟು ಅನ್ನುವುದು ಊರಿನ ಜನಸಂಖ್ಯೆಯ ಮೇಲೆ. ನೂರು ಜನರವರೆಗೆ 3, ಐದರಿಂದ ಹತ್ತು ಸಾವಿರದ ಊರಿಗೆ 13, ಐವತ್ತು ಸಾವಿರದಿಂದ ಲಕ್ಷದವರೆಗೆ 25. ಲಕ್ಷ ದಾಟಿದರೆ ಪ್ರತಿ ಲಕ್ಷಕ್ಕೆ ಅಥವಾ ಅದರ ಭಾಗಕ್ಕೆ ಒಂದು ಸೀಟು ಸೇರುತ್ತದೆ, ಒಟ್ಟು ಸಮಸಂಖ್ಯೆ ಬಂದರೆ ಇನ್ನೊಂದು ಸೇರಿಸಿ ಬೆಸ ಮಾಡುತ್ತಾರೆ. ಹೀಗೆ ವಲೆನ್ಸಿಯಾಕ್ಕೆ 33, ಬಾರ್ಸಿಲೋನಾಕ್ಕೆ 41, ಮ್ಯಾಡ್ರಿಡ್‌ಗೆ 57.

ಸೀಟು ಹಂಚುವುದು ಡಿಹಾಂಟ್ ಲೆಕ್ಕದಲ್ಲಿ. ಹೆಸರು ಕೇಳಿ ಹೆದರಬೇಡಿ. ಮೂರು ಪಕ್ಷಕ್ಕೆ 10,000, 6,000, 2,000 ಮತ ಬಿದ್ದಿವೆ, 5 ಸೀಟು ಇವೆ ಅಂತ ಇಟ್ಟುಕೊಳ್ಳಿ. ಪ್ರತಿಯೊಂದನ್ನೂ 1, 2, 3 ಹೀಗೆ ಭಾಗಿಸುತ್ತಾ ಹೋಗಿ. ದೊಡ್ಡ ಐದು ಅಂಕಿ ಯಾವುವು? 10,000, 6,000, 5,000, 3,333, 3,000. ಮೊದಲ ಪಕ್ಷಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ ಏನೂ ಇಲ್ಲ. ಇದರ ಜೊತೆಗೆ ಇನ್ನೊಂದು ನಿಯಮ ಇದೆ. ಊರಿನ ಸಿಂಧು ಮತಗಳಲ್ಲಿ 5% ಸಿಗದ ಪಕ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2023ರಲ್ಲಿ ಮ್ಯಾಡ್ರಿಡ್‌ನಲ್ಲಿ ಎಡಪಂಥದ ಪೊದೇಮೋಸ್ ಪಕ್ಷ ಈ ಗೆರೆ ಮುಟ್ಟಲಿಲ್ಲ, ಒಂದು ಸೀಟೂ ಬರಲಿಲ್ಲ. ಅದೇ ಚುನಾವಣೆಯಲ್ಲಿ ಸುಮಾರು 44% ಮತ ಪಡೆದ ಪಾಪ್ಯುಲರ್ ಪಕ್ಷಕ್ಕೆ 57ರಲ್ಲಿ 29 ಸೀಟು, ಅಂದರೆ ಪೂರ್ತಿ ಬಹುಮತ. ಸಣ್ಣ ಪಕ್ಷಗಳಿಗೆ ಬಿದ್ದ ಮತ ಹೀಗೆ ಕೈತಪ್ಪಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಮತ ಹಾಕಿದ ದಿನ ಮೇಯರ್ ಯಾರು ಅಂತ ತೀರ್ಮಾನ ಆಗಿರುವುದಿಲ್ಲ. ಮೇಯರನ್ನು ಆರಿಸುವುದು ಕೌನ್ಸಿಲರುಗಳು. ಚುನಾವಣೆ ಕಳೆದ ಇಪ್ಪತ್ತನೇ ದಿನ, ತಕರಾರು ಅರ್ಜಿ ಇಲ್ಲದಿದ್ದರೆ, ದೇಶದ ಎಲ್ಲ ಊರುಗಳಲ್ಲೂ ಒಂದೇ ದಿನ ಹೊಸ ಸಭೆ ಕೂಡುತ್ತದೆ. ಮೇಯರ್ ಕುರ್ಚಿ ಆಗ ಖಾಲಿ ಅಲ್ವಾ, ಹಾಗಾಗಿ ಸಭೆ ನಡೆಸಿಕೊಡುವುದು ಹಾಜರಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಮತ್ತು ಎಲ್ಲರಿಗಿಂತ ಕಿರಿಯರು, ಇಬ್ಬರೂ ಕೂಡಿ. ಪಟ್ಟಿಗಳ ಮೊದಲ ಹೆಸರಿನವರು ಮೇಯರ್ ಹುದ್ದೆಗೆ ನಿಲ್ಲುತ್ತಾರೆ. ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಜಾಸ್ತಿ ಸಿಕ್ಕರೆ ಅವರೇ ಮೇಯರ್. ಯಾರಿಗೂ ಸಿಗದಿದ್ದರೆ? ಎರಡನೇ ಸುತ್ತು ಇಲ್ಲ, ಮುಂದೂಡಿಕೆ ಇಲ್ಲ. ಊರಿನಲ್ಲಿ ಹೆಚ್ಚು ಮತ ಪಡೆದ ಪಟ್ಟಿಯ ಮೊದಲ ಹೆಸರು ತಾನಾಗಿಯೇ ಮೇಯರ್ ಆಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೊಬ್ಬ ಮೇಯರ್ ಇದ್ದೇ ಇರುತ್ತಾರೆ.

ಹಾಗಾಗಿ ನಡುವಿನ ಇಪ್ಪತ್ತು ದಿನ ಚುನಾವಣೆಯಷ್ಟೇ ಮುಖ್ಯ. ಬಾರ್ಸಿಲೋನಾವನ್ನೇ ನೋಡಿ. 2019ರಲ್ಲಿ ಕ್ಯಾಟಲನ್ ಸ್ವಾತಂತ್ರ್ಯವಾದಿ ಎರ್ನೆಸ್ಟ್ ಮರಗಾಲ್ ಮತ್ತು ಆಗಿನ ಮೇಯರ್ ಆದಾ ಕೊಲಾವು ಇಬ್ಬರ ಪಟ್ಟಿಗೂ ಹತ್ತು ಹತ್ತು ಸೀಟು, ಮತ ಮರಗಾಲ್‌ಗೆ ಜಾಸ್ತಿ. ಆದರೆ ಸಮಾಜವಾದಿಗಳ ಎಂಟು ಮತ್ತು ಫ್ರಾನ್ಸಿನ ಮಾಜಿ ಪ್ರಧಾನಿ ಮಾನ್ಯುಯೆಲ್ ವಾಲ್ಸ್ ಗುಂಪಿನ ಮೂವರು ಸೇರಿ ಕೊಲಾವುಗೆ ಸರಿಯಾಗಿ 21 ಮಾಡಿಕೊಟ್ಟರು. 2023ರಲ್ಲಿ ಮಾಜಿ ಮೇಯರ್ ಶಾವಿಯೆರ್ ತ್ರಿಯಾಸ್ 11 ಸೀಟಿನೊಂದಿಗೆ ಮೊದಲು ಬಂದರು, ಇಡೀ ಇಪ್ಪತ್ತು ದಿನ ಅವರೇ ಮೇಯರ್ ಅನ್ನುವ ಮಾತು. ಜೂನ್ 17ರಂದು ಎಡಪಂಥದ ಕೊಲಾವು ಗುಂಪೂ ಬಲಪಂಥದ ಪಾಪ್ಯುಲರ್ ಪಕ್ಷವೂ ಒಟ್ಟಿಗೆ ಸಮಾಜವಾದಿ ಜಾಉಮೆ ಕೊಲ್ಬೋನಿಗೆ ಕೈ ಎತ್ತಿದವು. ಸಮಾಜವಾದಿಗಳ ಹತ್ತು, ಕೊಲಾವು ಗುಂಪಿನ ಒಂಬತ್ತು, ಪಾಪ್ಯುಲರ್ ಪಕ್ಷದ ನಾಲ್ಕು, ಒಟ್ಟು 23. ಇದು ಮೋಸ ಅಂತ ತುಂಬ ಜನ ಸಿಟ್ಟಾದರು. ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಮೋಸ ಅನ್ನುವುದನ್ನು ಒಪ್ಪುವುದಿಲ್ಲ. ಸರ್ವಾಧಿಕಾರಿ ಫ್ರಾಂಕೊ ಕಾಲ ಮುಗಿದ ಮೇಲೆ 1979ರಲ್ಲಿ ನಡೆದ ಮೊದಲ ನಗರಸಭಾ ಚುನಾವಣೆಯಲ್ಲೇ ಮ್ಯಾಡ್ರಿಡ್‌ನಲ್ಲಿ ಹೀಗೇ ಆಗಿತ್ತು. ಸಮಾಜವಾದಿಗಳ 25, ಕಮ್ಯುನಿಸ್ಟರ 9 ಸೇರಿ ಎನ್ರಿಕೆ ತಿಯೆರ್ನೊ ಗಾಲ್ವಾನ್ ಮೇಯರ್ ಆದರು. ಇವತ್ತಿಗೂ ಆ ಊರಿನ ಹಿರಿಯರು ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ.

ಕೂರಿಸಿದವರನ್ನು ಇಳಿಸುವುದು ಮಾತ್ರ ಕಷ್ಟ. ಅವಿಶ್ವಾಸ ಮಂಡಿಸಲು ಅರ್ಧಕ್ಕಿಂತ ಜಾಸ್ತಿ ಕೌನ್ಸಿಲರುಗಳ ಸಹಿ ಬೇಕು, ಅದೇ ಕಾಗದದಲ್ಲಿ ಮುಂದಿನ ಮೇಯರ್ ಹೆಸರೂ ಇರಬೇಕು. ಸುಮ್ನೆ ಬೇಡ ಅಂದರೆ ಆಗುವುದಿಲ್ಲ, ಬದಲಿಗೆ ಯಾರು ಅಂತ ಹೇಳಲೇಬೇಕು. ಇದೇ ಲೆಕ್ಕವನ್ನು ಬಳಸಿ ಬಹುಮತ ಇಲ್ಲದ ಮೇಯರುಗಳು ಬಜೆಟ್ ಪಾಸು ಮಾಡಿಸಿಕೊಳ್ಳುವುದೂ ಉಂಟು. ಬಜೆಟ್ ಬಿದ್ದುಹೋದರೆ ಅದಕ್ಕೇ ಗಂಟು ಹಾಕಿ ವಿಶ್ವಾಸಮತ ಕೇಳುತ್ತಾರೆ. ಸೋತರೂ ಒಂದು ತಿಂಗಳೊಳಗೆ ಎದುರು ಪಾಳಯ ಬದಲಿ ಮೇಯರನ್ನು ತರದಿದ್ದರೆ ಬಜೆಟ್ ಪಾಸಾದಂತೆ. ಕೊಲಾವು 2017ರ ಬಜೆಟ್ಟನ್ನು, ಕೊಲ್ಬೋನಿ 2024ರದನ್ನು ಹೀಗೇ ದಾಟಿಸಿದರು.

ಚುನಾವಣೆಯ ದಿನವೂ ಯಾರ ಮರ್ಜಿಗೂ ಬಿಟ್ಟದ್ದಲ್ಲ. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ನಾಲ್ಕನೇ ಭಾನುವಾರ ಅಂತ 1985ರ ಚುನಾವಣಾ ಕಾನೂನಿನ ವ್ಯವಸ್ಥೆಯಲ್ಲೇ ಇದೆ. 2027ರಲ್ಲಿ ಅದು ಮೇ 23. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಅದಕ್ಕೆ ಮತ್ತೆ ಚುನಾವಣೆ ನಡೆಯಲೇ ಇಲ್ಲ, ಬಿಬಿಎಂಪಿಯೇ ಹೋಯಿತು. ಬೆಂಗಳೂರಿನಿಂದ ಬಂದವರಿಗೆ ಇದನ್ನು ಹೇಳುವಾಗ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಇನ್ನು ಆಡಳಿತ. ನನ್ನ ದಿನದ ಕೆಲಸ ಇಲ್ಲೇ. ಎಲ್ಲ ಕೌನ್ಸಿಲರುಗಳು ಕೂಡುವ ಪೂರ್ಣ ಸಭೆಗೆ ಪ್ಲೆನೊ ಅನ್ನುತ್ತಾರೆ. ಬಜೆಟ್, ತೆರಿಗೆ, ಊರಿನ ನಿಯಮಗಳು ಅಲ್ಲೇ ಆಗಬೇಕು. ದಿನನಿತ್ಯದ ಆಡಳಿತ, ನೌಕರರು, ನಗರ ಪೊಲೀಸ್ ಮೇಯರ್ ಕೈಯಲ್ಲಿ. ಮೇಯರ್ ತನ್ನ ಕಡೆಯ ಕೆಲವು ಕೌನ್ಸಿಲರುಗಳನ್ನು ಸೇರಿಸಿಕೊಂಡು ಒಂದು ಆಡಳಿತ ಮಂಡಳಿ ಮಾಡಿಕೊಳ್ಳುತ್ತಾರೆ. ಅದು ಒಟ್ಟು ಕೌನ್ಸಿಲರುಗಳ ಮೂರನೇ ಒಂದು ಭಾಗ ಮೀರುವಂತಿಲ್ಲ. ನೀರು ಒಬ್ಬರಿಗೆ, ಕಸ ಒಬ್ಬರಿಗೆ, ಸಂಚಾರ ಒಬ್ಬರಿಗೆ ಅಂತ ಖಾತೆ ಹಂಚುತ್ತಾರೆ. ಅಂದರೆ ಬೀದಿ ದೀಪಕ್ಕೆ ಇಡೀ ಊರಿಗೆ ಒಬ್ಬ ಕೌನ್ಸಿಲರ್, ನಿಮ್ಮ ಬೀದಿಗೆ ಅಂತ ಒಬ್ಬರಿಲ್ಲ.

ಖಾತೆಯ ಕೌನ್ಸಿಲರ್ ಹೂಂ ಅಂದರೆ ಕೆಲಸ ಆಯಿತು ಅಂತ ನಾನು ನಂಬಿದ್ದೆ. ಒಂದು ಸಣ್ಣ ಊರಿನಲ್ಲಿ ಹಳೆ ಪೈಪು ಬದಲಿಸುವ ಯೋಜನೆ ಕೊಟ್ಟಿದ್ದೆ. ಕೌನ್ಸಿಲರಿಗೂ ಇಷ್ಟವಾಯಿತು, ಮೇಯರಿಗೂ ಇಷ್ಟವಾಯಿತು. ಕಡತ ಆರು ತಿಂಗಳು ಅಲುಗಾಡಲಿಲ್ಲ. ಕೊನೆಗೆ ಗೊತ್ತಾಯಿತು, ಅದು ಇಂತೆರ್ವೆಂತೋರ್ ಮೇಜಿನ ಮೇಲಿತ್ತು. ಇವರು ಹಣದ ಲೆಕ್ಕ ನೋಡುವ ಅಧಿಕಾರಿ. ಕಾನೂನು ನೋಡುವ ಸೆಕ್ರೆತಾರಿಯೊ ಅಂತ ಇನ್ನೊಬ್ಬರಿದ್ದಾರೆ. ಇಬ್ಬರೂ ದೇಶಮಟ್ಟದ ಪರೀಕ್ಷೆ ಬರೆದು ಬಂದವರು, ಮೇಯರ್ ತನಗೆ ಬೇಕಾದವರನ್ನು ಸುಮ್ನೆ ತಂದು ಕೂರಿಸುವಂತಿಲ್ಲ. ಬಜೆಟ್ಟಿನಲ್ಲಿ ಆ ಬಾಬ್ತಿಗೆ ದುಡ್ಡು ಇಟ್ಟಿಲ್ಲ ಅಂತ ಇಂತೆರ್ವೆಂತೋರ್ ಲಿಖಿತ ಆಕ್ಷೇಪ ಬರೆದರೆ ಕಡತ ಅಲ್ಲಿಗೆ ನಿಲ್ಲುತ್ತದೆ. ದುಡ್ಡಿಲ್ಲ ಅನ್ನುವ ಆಕ್ಷೇಪವನ್ನು ಮೇಯರ್ ಕೂಡ ಒಬ್ಬರೇ ತಳ್ಳಿಹಾಕುವಂತಿಲ್ಲ, ಅದು ಪ್ಲೆನೊಗೇ ಹೋಗಬೇಕು. ಆಗ ನನಗೆ ವಿಪರೀತ ಕೋಪ ಬಂದಿತ್ತು. ಈಗ ಯಾವ ಯೋಜನೆ ಹಿಡಿದರೂ ಮೊದಲು ಬಜೆಟ್ ಬಾಬ್ತು ಇದೆಯಾ ಅಂತ ಕೇಳುತ್ತೇನೆ, ಆಮೇಲೆಯೇ ಪೈಪಿನ ಅಳತೆ.

ಪುಟ್ಟ ಹಳ್ಳಿಗಳ ಬಗ್ಗೆ ಒಂದು ಮಾತು. 250 ಜನರವರೆಗಿನ ಊರುಗಳಲ್ಲಿ ಪಟ್ಟಿಯ ಬದಲು ಹೆಸರುಗಳಿಗೇ ಗುರುತು ಹಾಕಬಹುದು. ಕೆಲವು ಹಳ್ಳಿಗಳಲ್ಲಿ ಕೌನ್ಸಿಲರುಗಳೇ ಇಲ್ಲ, ಮತದಾರರೆಲ್ಲ ಸೇರಿದ ಸಭೆಯೇ ನಗರಸಭೆ.

ನಮ್ಮವರಿಗೆ ಮತ ಇದೆಯಾ? ಯುರೋಪಿಯನ್ ಒಕ್ಕೂಟದ ದೇಶಗಳವರಿಗೆ ಇದೆ, ಅವರು ಚುನಾವಣೆಗೆ ನಿಲ್ಲಲೂ ಆಗಲಿ ಅಂತ 1992ರಲ್ಲಿ ಸಂವಿಧಾನ ತಿದ್ದಿದರು. ಕೊಲಂಬಿಯಾ, ಪೆರು, ದಕ್ಷಿಣ ಕೊರಿಯಾದಂಥ ಕೆಲವು ದೇಶಗಳ ಜೊತೆ ಒಪ್ಪಂದ ಇದೆ. ಭಾರತದ ಜೊತೆ ಇಲ್ಲ. ಆದರೂ ಪದ್ರೋನ್ ಅನ್ನುವ ನಿವಾಸಿಗಳ ಪುಸ್ತಕದಲ್ಲಿ ತಪ್ಪದೆ ಹೆಸರು ಬರೆಸಿ. ಊರಿಗೆ ಎಷ್ಟು ಸೀಟು ಅನ್ನುವ ಲೆಕ್ಕದಲ್ಲಿ, ಊರಿಗೆ ಬರುವ ಅನುದಾನದ ಲೆಕ್ಕದಲ್ಲಿ ನೀವೂ ಒಬ್ಬರಾಗುತ್ತೀರಿ. ಆಸ್ಪತ್ರೆ ಕಾರ್ಡಿಗೂ ಮಕ್ಕಳ ಶಾಲೆಗೂ ಕೇಳುವುದು ಅದೇ ಕಾಗದ.

ಬೀದಿ ದೀಪಕ್ಕೆ ನಗರಸಭೆಯ ಸ್ವೀಕೃತಿ ಕೌಂಟರಿನಲ್ಲಿ ಅರ್ಜಿ ಕೊಟ್ಟು ಮೊಹರು ಹಾಕಿದ ನಕಲು ಇಟ್ಟುಕೊಳ್ಳಿ. ಅಲುಗಾಡದಿದ್ದರೆ ಆ ನಂಬರನ್ನು ಯಾವುದಾದರೂ ವಿರೋಧ ಪಕ್ಷದ ಕೌನ್ಸಿಲರಿಗೆ ಕೊಡಿ, ಅವರಿಗೆ ನೀವು ಯಾವ ಬೀದಿಯವರಾದರೂ ಒಂದೇ. ಇಪ್ಪತ್ತು ಸಾವಿರ ದಾಟಿದ ಊರುಗಳಲ್ಲಿ ಪ್ಲೆನೊ ತಿಂಗಳಿಗೊಮ್ಮೆ ಕೂಡಲೇಬೇಕು, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಸಭೆಯ ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಅವರು ನಿಮ್ಮ ಅರ್ಜಿಯ ನಂಬರ್ ಓದುವಾಗ ಹಿಂದಿನ ಸಾಲಿನಲ್ಲಿ ನೀವೂ ಕೂತಿರಿ.