ಸ್ಪಾನ್ಸರ್‌ಶಿಪ್ ಫೈಲ್ ಹಾಕಿ ಕಾಯ್ತಿದೀವಿ, ಅಷ್ಟರಲ್ಲಿ ಗಂಡನ್ನ ನೋಡೋಕೆ ವಿಸಿಟರ್ ವೀಸಾ ಹಾಕಬಹುದಾ?

ಪ್ರಶ್ನೆ: ನಮ್ಮದು ಅರೇಂಜ್ಡ್ ಮ್ಯಾರೇಜ್. ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ಯಜಮಾನ್ರು ಟೊರಾಂಟೋದಲ್ಲಿ ಇದಾರೆ, ಕೆನಡಾ ಪಿಆರ್ (ಪರ್ಮನೆಂಟ್ ರೆಸಿಡೆಂಟ್, ಅಂದ್ರೆ ಕಾಯಂ ವಾಸಿ). ಮದ್ವೆ ಆಗಿ ಮೂರೇ ವಾರಕ್ಕೆ ಅವರು ವಾಪಸ್ ಹೋದ್ರು. ಅವರು ನನ್ನನ್ನೂ ಪಿಆರ್ ಆಗಿ ಕರೆಸ್ಕೊಳ್ಳೋ ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿದೀವಿ, ಅರ್ಜಿ ತಲುಪಿದೆ ಅನ್ನೋ ಎಓಆರ್ ಲೆಟರ್ ಕೂಡ ಬಂದಿದೆ. ಮಧ್ಯೆ ಒಂದ್ಸಲ ವಿಸಿಟರ್ ವೀಸಾದಲ್ಲಿ ಹೋಗ್ಬರೋಣ ಅಂದ್ರೆ "ಬೇಡಮ್ಮ, ಪಿಆರ್ ಫೈಲ್ ಹಾಳಾಗತ್ತೆ, ರಿಜೆಕ್ಟ್ ಆದ್ರೆ ಹೆಸರಿಗೆ ಕಪ್ಪುಚುಕ್ಕೆ" ಅಂತ ಎಲ್ರೂ ಹೆದರಿಸ್ತಾರೆ. ನಿಜಾನಾ? ಹೀಗೆ ದೂರ ಇರೋದೇ ನಮ್ಮ ಫೈಲಿಗೆ ಮೈನಸ್ ಆಗತ್ತಾ?

ಉತ್ತರ: ಹಾಕಬಹುದು, ಧೈರ್ಯವಾಗಿ ಹಾಕಿ. ಫೈಲ್ ಹಾಳಾಗಲ್ಲ.

ಈ ಹೆದರಿಕೆ ಎಲ್ಲಿಂದ ಬರತ್ತೆ ಅಂದ್ರೆ, ವಿಸಿಟರ್ ವೀಸಾ ಕೊಡೋ ಆಫೀಸರ್ ನೋಡೋದು ಒಂದೇ, ಈ ಹುಡುಗಿ ಟೈಮ್ ಮುಗಿದ ಮೇಲೆ ವಾಪಸ್ ಹೋಗ್ತಾಳಾ ಇಲ್ವಾ ಅಂತ, ಇನ್ನೊಂದು ಕಡೆ ನೀವೇ "ನಾನು ಕೆನಡಾದಲ್ಲೇ ನೆಲೆಸ್ತೀನಿ" ಅಂತ ಪಿಆರ್ ಅರ್ಜಿ ಹಾಕಿದೀರಿ, ಹಾಗಾಗಿ ಎರಡೂ ಒಂದಕ್ಕೊಂದು ಹೊಡೆದಾಡತ್ತೆ ಅಂತ ಜನ ಅಂದ್ಕೊಳ್ತಾರೆ. ಆದ್ರೆ ಅಲ್ಲಿನ ಕಾನೂನೇ ಇದಕ್ಕೆ ಜಾಗ ಇಟ್ಟಿದೆ. ಇಮಿಗ್ರೇಷನ್ ಅಂಡ್ ರೆಫ್ಯೂಜಿ ಪ್ರೊಟೆಕ್ಷನ್ ಆಕ್ಟಿನ ಸೆಕ್ಷನ್ 22(2) ಏನ್ ಹೇಳತ್ತೆ ಅಂದ್ರೆ, ಮುಂದೆ ಪರ್ಮನೆಂಟ್ ಆಗಿ ಇರಬೇಕು ಅನ್ನೋ ಆಸೆ ಇದ್ದ ಮಾತ್ರಕ್ಕೆ ಈಗ ತಾತ್ಕಾಲಿಕವಾಗಿ ಬರೋದನ್ನ ತಡೆಯೋ ಹಾಗಿಲ್ಲ, ಕೊಟ್ಟ ಅವಧಿ ಮುಗಿದ ಮೇಲೆ ಹೊರಡ್ತಾರೆ ಅನ್ನೋದು ಆಫೀಸರ್‌ಗೆ ಮನವರಿಕೆ ಆಗ್ಬೇಕು ಅಷ್ಟೆ. ಡ್ಯುಯಲ್ ಇಂಟೆಂಟ್ ಅಂತಾರಲ್ಲ, ಇದೇ ಅದು. 2023ರ ಮೇ ತಿಂಗಳಲ್ಲಿ ಆಗಿನ ಇಮಿಗ್ರೇಷನ್ ಮಂತ್ರಿ ಶಾನ್ ಫ್ರೇಸರ್, ಸ್ಪಾನ್ಸರ್‌ಶಿಪ್ ಹಾಕಿ ಹೊರಗಡೆ ಕಾಯ್ತಿರೋ ಗಂಡ ಹೆಂಡತಿಯರ ವಿಸಿಟರ್ ವೀಸಾ ಬೇಗ ನೋಡ್ತೀವಿ, ಹೆಚ್ಚಿನವು 30 ದಿನದೊಳಗೆ ಆಗೋ ಹಾಗೆ ಮಾಡ್ತೀವಿ ಅಂತ ಹೇಳಿದ್ರು. ಅಂದ್ರೆ ಸರ್ಕಾರಕ್ಕೇ ಗೊತ್ತು, ಮದ್ವೆ ಆದವರನ್ನ ವರ್ಷಗಟ್ಟಲೆ ಬೇರೆ ಬೇರೆ ಇಡೋದು ಸರಿ ಅಲ್ಲ ಅಂತ.

ಅಪಾಯ ಇರೋದು ಮುಚ್ಚಿಡೋದ್ರಲ್ಲಿ. ಕೆಲವು ಏಜೆಂಟರು "ಫಾರ್ಮಲ್ಲಿ ಪಿಆರ್ ವಿಷಯ ಹೇಳ್ಬೇಡಿ, ಸುಮ್ನೆ ಟೂರಿಸ್ಟ್ ಅಂತ ಹಾಕಿ" ಅಂತಾರೆ, ದಯವಿಟ್ಟು ಆ ಮಾತು ಕೇಳ್ಬೇಡಿ. ನಿಮ್ಮ ಸ್ಪಾನ್ಸರ್‌ಶಿಪ್ ಫೈಲ್ ಕೆನಡಾ ಇಮಿಗ್ರೇಷನ್‌ನವರ ಸಿಸ್ಟಮಲ್ಲೇ ಇದೆ, ಹೆಸರು ಪಾಸ್‌ಪೋರ್ಟ್ ನಂಬರ್ ಹಾಕಿದ ತಕ್ಷಣ ಕಾಣತ್ತೆ. ಸುಳ್ಳು ಅಂತ ಸಾಬೀತಾದ್ರೆ ಸೆಕ್ಷನ್ 40ರ ಕೆಳಗೆ ಮಿಸ್‌ರೆಪ್ರೆಸೆಂಟೇಷನ್, 5 ವರ್ಷ ಕೆನಡಾ ಕಡೆ ಹೋಗೋ ಹಾಗಿಲ್ಲ, ಆಗ ಮಾತ್ರ ಪಿಆರ್ ಫೈಲೂ ಅದರ ಜೊತೆಗೇ ಮುಳುಗತ್ತೆ. ಅದಕ್ಕೇ ಎಓಆರ್ ಲೆಟರನ್ನ ನೀವೇ ಅಟ್ಯಾಚ್ ಮಾಡಿ, ಒಂದು ಪುಟದ ಲೆಟರಲ್ಲಿ ನೇರವಾಗಿ ಬರೀರಿ: ಸ್ಪಾನ್ಸರ್‌ಶಿಪ್ ನಡೀತಿದೆ, ಇಂಥ ದಿನ ಹಾಕಿದೀವಿ, ಅದು ನಡೀತಿರೋವಾಗ ಯಜಮಾನ್ರ ಜೊತೆ ಇಷ್ಟು ವಾರ ಇರೋಕೆ ಹೋಗ್ತಿದೀನಿ, ಕೊಟ್ಟ ಅವಧಿ ಮುಗಿಯೋ ಮುಂಚೆ ವಾಪಸ್ ಬರ್ತೀನಿ. ಅದರ ಜೊತೆಗೆ ವಾಪಸ್ ಬರೋಕೆ ಕಾರಣ ತೋರಿಸಿ, ಕಂಪನಿಯ ರಜಾ ಮಂಜೂರಾತಿ ಲೆಟರು, ಸ್ಯಾಲರಿ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು, ಇಲ್ಲಿ ಅಪ್ಪ ಅಮ್ಮನ್ನ ನೀವು ನೋಡ್ಕೊಳ್ತಿದ್ರೆ ಅದು. ಯಜಮಾನ್ರ ಕಡೆಯಿಂದ ಇನ್ವಿಟೇಷನ್ ಲೆಟರು, ಕೆಲಸದ ಲೆಟರು, ಮನೆ ಬಾಡಿಗೆ ಅಗ್ರಿಮೆಂಟು, ಪಿಆರ್ ಕಾರ್ಡ್ ಕಾಪಿ. ಏರ್‌ಪೋರ್ಟಲ್ಲಿ ಬಾರ್ಡರ್ ಆಫೀಸರ್ ಕೇಳಿದ್ರೂ ಇದೇ ಉತ್ತರ, ಒಂದಕ್ಷರ ಆ ಕಡೆ ಈ ಕಡೆ ಬೇಡ.

ರಿಜೆಕ್ಟ್ ಆದ್ರೆ? ಆಗಬಹುದು, ಆಗಿದ್ದವರೂ ಇದಾರೆ. ಅದಕ್ಕೂ ಪಿಆರ್ ಫೈಲಿನ ತೀರ್ಮಾನಕ್ಕೂ ಸಂಬಂಧ ಇಲ್ಲ, ಅಲ್ಲಿ ಕೇಳೋ ಪ್ರಶ್ನೆಯೇ ಬೇರೆ. ಮುಂದೆ ಯಾವ ಫಾರ್ಮಲ್ಲಿ ವೀಸಾ ನಿರಾಕರಣೆ ಆಗಿತ್ತಾ ಅಂತ ಕೇಳಿದ್ರೂ ಹೌದು ಅಂತ ಬರೀಬೇಕು, ಅಷ್ಟೆ. ಆಫೀಸರ್ ಒಳಗಡೆ ಏನು ಬರ್ದಿದಾರೆ ಅಂತ ನೋಡೋಕೂ ದಾರಿ ಇದೆ, ಜಿಸಿಎಂಎಸ್ ನೋಟ್ಸ್ (ಅವರ ಕಂಪ್ಯೂಟರಲ್ಲಿರೋ ನಿಮ್ಮ ಅರ್ಜಿಯ ದಾಖಲೆ) ಅಂತ, ನಿಮ್ಮ ಒಪ್ಪಿಗೆ ಪತ್ರ ಇಟ್ಕೊಂಡು ಯಜಮಾನ್ರೇ ಅಲ್ಲಿಂದ 5 ಡಾಲರ್ ಕಟ್ಟಿ ತರಿಸ್ಬಹುದು. ಅದನ್ನ ಓದಿ, ಕೊರತೆ ಏನಿತ್ತೋ ಅದನ್ನ ತುಂಬಿಸಿ ಮತ್ತೆ ಹಾಕಿ. ಅದೇ ಕಾಗದ ಅದೇ ಲೆಟರ್ ಹಿಡ್ಕೊಂಡು ಎರಡನೇ ಸಲ ಹಾಕೋದು ದುಡ್ಡು ದಂಡ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ದೂರ ಇರೋದು ಮೈನಸ್ಸಾ ಅಂತ. ನನಗೆ ನಿಜವಾಗ್ಲೂ ಮುಖ್ಯ ಅನ್ಸೋದು ಇದೇ, ಯಾಕಂದ್ರೆ ಹೆಣ್ಮಕ್ಕಳು ಇದನ್ನ ತಮ್ಮದೇ ತಪ್ಪು ಅನ್ನೋ ಹಾಗೆ ಕೇಳ್ತಾರೆ. ವೀಸಾ ಇಲ್ಲದೆ ಇರೋದಕ್ಕೆ ತಾನೇ ದೂರ ಇರೋದು? ಅದೇ ಆಕ್ಟಿನ ಕೆಳಗಿರೋ ನಿಯಮಗಳಲ್ಲಿ ರೆಗ್ಯುಲೇಷನ್ 4(1) ನೋಡೋದು, ಈ ಮದ್ವೆ ನಿಜವಾದದ್ದಾ, ಮುಖ್ಯವಾಗಿ ಪಿಆರ್‌ಗೋಸ್ಕರ ಮಾಡ್ಕೊಂಡಿದ್ದಾ ಅಂತ. ಒಂದೇ ಮನೇಲಿ ಎಷ್ಟು ದಿನ ಇದ್ರಿ ಅನ್ನೋದು ಅದರಲ್ಲಿ ಒಂದು ಸಣ್ಣ ಭಾಗ. ನಮ್ಮ ಕಡೆ ಮದ್ವೆ ಹೇಗೆ ನಡ್ಯತ್ತೆ ಅಂತ ಗೊತ್ತಿಲ್ಲದ ಯಾರೋ ಒಬ್ಬರು ಎಲ್ಲೋ ಕೂತು ನಿಮ್ಮ ಫೈಲ್ ಓದ್ತಾರೆ ಅಂದ್ಕೊಂಡು, ಅವರಿಗೆ ಅರ್ಥ ಆಗೋ ಹಾಗೆ ಹೇಳೋದು ನಿಮ್ಮ ಕೆಲಸ.

ನನ್ನ ತಂಗಿ ಫೈಲ್ ಮಾಡ್ವಾಗ ವಿಜಯನಗರದ ನಮ್ಮ ಮನೇಲಿ ಡೈನಿಂಗ್ ಟೇಬಲ್ ತುಂಬ ಫೋಟೋ ಹರಡ್ಕೊಂಡು ಕೂತಿದ್ವಿ, ಐಎಂಎಂ 5532 ಅನ್ನೋ ಫಾರ್ಮ್ ಪಕ್ಕದಲ್ಲಿ. ಅದರಲ್ಲಿ ಹೇಗೆ ಪರಿಚಯ ಆಯ್ತು, ಯಾರು ಪರಿಚಯ ಮಾಡ್ಸಿದ್ರು, ಮದ್ವೆಗೆ ಯಾರ್ಯಾರು ಬಂದಿದ್ರು, ರಿಸೆಪ್ಷನ್ ಆಯ್ತಾ, ಎಲ್ಲಾ ಕೇಳ್ತಾರೆ. ಆಗ ಅಮ್ಮ ಒಂದು ಫೋಟೋ ಎತ್ತಿ "ಇದರ ಡೇಟ್ ನೋಡೇ" ಅಂದ್ರು. ನಮ್ಮ ಬೆಂಗಳೂರಲ್ಲಿ ರಿಸೆಪ್ಷನ್ ಹಿಂದಿನ ದಿನ ಸಂಜೆನೇ ಆಗೋಗತ್ತಲ್ಲ, ಧಾರೆ ಮಾರನೇ ದಿನ ಬೆಳಗ್ಗೆ. ಹೊರಗಿನವರು ನೋಡಿದ್ರೆ ಮದ್ವೆ ಸರ್ಟಿಫಿಕೇಟಲ್ಲಿ ಇರೋ ತಾರೀಖಿಗಿಂತ ಮುಂಚೆನೇ ಗಂಡ ಹೆಂಡ್ತಿ ಥರ ಹಾರ ಹಾಕ್ಕೊಂಡು ಸ್ಟೇಜ್ ಮೇಲೆ ನಿಂತಿದಾರೆ! ಪ್ರತಿ ಫೋಟೋ ಕೆಳಗೆ ಒಂದೊಂದು ಸಾಲು ಬರ್ದ್ವಿ, ಇದು ವರಪೂಜೆ ಸಂಜೆಯ ರಿಸೆಪ್ಷನ್, ಇದು ಧಾರೆ, ಎಡಗಡೆ ಇರೋದು ಹುಡುಗನ ಸೋದರಮಾವ ಅಂತ. ಆಷಾಢದ್ದೂ ಹಾಗೇ. ಮದ್ವೆ ಆದ ಮೊದಲನೇ ಆಷಾಢಕ್ಕೆ ತವರಿಗೆ ಬಂದಿದ್ಲು, ಇಷ್ಟು ದಿನ ಬೇರೆ ಅಡ್ರೆಸ್ ಯಾಕೆ ಅನ್ನೋ ಪ್ರಶ್ನೆ ಬರೋ ಮುಂಚೆನೇ ಇದು ನಮ್ಮ ಸಂಪ್ರದಾಯ ಅಂತ ಎರಡು ಸಾಲು ಸೇರಿಸಿದ್ವಿ.

ಹೆಸರಿನ ವಿಷಯಾನೂ ಜೋಪಾನ. ಲಗ್ನಪತ್ರಿಕೇಲಿ ಮನೇಲಿ ಕರೆಯೋ ಹೆಸರು, ಆಧಾರಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ನಮ್ಮವರಲ್ಲಿ ಇದು ಮಾಮೂಲು. ಮೂರೂ ಒಬ್ಬರದೇ ಅಂತ ನೋಟರಿ ಹತ್ರ ಒಂದು ಅಫಿಡವಿಟ್ ಮಾಡ್ಸಿಟ್ಬಿಡಿ. ಲಗ್ನಪತ್ರಿಕೆ ಕನ್ನಡದಲ್ಲಿದ್ರೆ ಇಂಗ್ಲಿಷ್ ಅನುವಾದ ಬೇಕು, ಅದನ್ನ ನೀವಾಗ್ಲಿ ಮನೆಯವರಾಗ್ಲಿ ಮಾಡೋ ಹಾಗಿಲ್ಲ, ಹೊರಗಿನ ಅನುವಾದಕರು ಮಾಡಿ ಅವರ ಅಫಿಡವಿಟ್ಟೂ ಕೊಡ್ಬೇಕು. ಮದ್ವೆ ರಿಜಿಸ್ಟರ್ ಇನ್ನೂ ಆಗದೆ ಇರೋವ್ರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮೊದಲು ಅದನ್ನ ಮುಗಿಸಿ, ಛತ್ರದ ರಸೀದಿ ಸರ್ಟಿಫಿಕೇಟ್ ಆಗಲ್ಲ.

ಅದಾದ್ಮೇಲೆ ಕಾಯೋ ತಿಂಗಳುಗಳು. ಈ ಸಮಯದಲ್ಲಿ ನೀವಿಬ್ರೂ ಹೇಗಿದೀರಿ ಅನ್ನೋದೂ ಸಾಕ್ಷಿನೇ. ಟೊರಾಂಟೋಗೂ ನಮಗೂ ಬೇಸಿಗೇಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ನೀವು ಬೆಳಗ್ಗೆ ಏಳಕ್ಕೆ ಕಾಫಿ ಕುಡೀವಾಗ ಅವರು ಊಟ ಮುಗಿಸಿ ಮಲಗೋ ಹೊತ್ತು, ನೀವು ಆಫೀಸಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಾಗ ಅವರು ಕೆಲಸ ಶುರು ಮಾಡ್ತಿರ್ತಾರೆ. ಅದರ ಮಧ್ಯೆ ಮಾಡಿದ ವಿಡಿಯೋ ಕಾಲ್, ಕಳ್ಸಿದ ದುಡ್ಡು, ಗೌರಿ ಹಬ್ಬಕ್ಕೆ ಅತ್ತೆ ಮನೆಗೆ ನೀವು ಹೋಗಿದ್ದು, ಇವೆಲ್ಲ ಬದುಕು, ಫೈಲಿಗೋಸ್ಕರ ಮಾಡೋದಲ್ಲ. ಆದ್ರೆ ಅಳಿಸ್ಬೇಡಿ. ಫೋನ್ ಬದಲಾಯಿಸುವಾಗ ಚಾಟ್ ಬ್ಯಾಕಪ್ ತಗೊಳ್ಳಿ, ಬೋರ್ಡಿಂಗ್ ಪಾಸ್ ಇಟ್ಕೊಳ್ಳಿ. ಸಾವಿರ ಪುಟ ಚಾಟ್ ಪ್ರಿಂಟ್ ಹಾಕೋದು ಬೇಡ, ತಿಂಗಳಿಗೆ ಒಂದೆರಡು ಪುಟ ಸಾಕು, ಖಾಸಗಿ ಮಾತು ಇರೋ ಪುಟ ಬಿಟ್ಟು.

ಯಜಮಾನ್ರು ಬರೋದಾ ನೀವು ಹೋಗೋದಾ ಅಂತ ಲೆಕ್ಕ ಹಾಕುವಾಗ ಒಂದು ನೆನಪಿರ್ಲಿ. ಅವರು ಸಿಟಿಜನ್ ಅಲ್ಲ, ಪಿಆರ್, ಹಾಗಾಗಿ ಫೈಲ್ ನಡೀವಾಗ ಅವರು ಕೆನಡಾದಲ್ಲೇ ವಾಸ ಇರಬೇಕು. ರಜಾ ಹಾಕಿ ಒಂದೆರಡು ವಾರ ಬಂದು ಹೋದ್ರೆ ತೊಂದರೆ ಇಲ್ಲ, ಕೆಲಸ ಬಿಟ್ಟು ಬೆಂಗಳೂರಲ್ಲಿ ಬಂದು ಕೂತ್ರೆ ಸ್ಪಾನ್ಸರ್ ಆಗೋ ಅರ್ಹತೆಗೇ ಕುತ್ತು. ಸಂಬಳ ಕಮ್ಮಿ ಅಂತ ಕೆಲವರು ಹೆದರ್ತಾರೆ, ಹೆಂಡ್ತೀನ ಸ್ಪಾನ್ಸರ್ ಮಾಡೋಕೆ ಸಾಮಾನ್ಯವಾಗಿ ಇಷ್ಟೇ ಆದಾಯ ಇರಬೇಕು ಅನ್ನೋ ಮಿತಿ ಇಲ್ಲ, 3 ವರ್ಷ ನಿಮ್ಮ ಖರ್ಚು ನೋಡ್ಕೊಳ್ತೀನಿ ಅಂತ ಬರ್ದುಕೊಡ್ಬೇಕು. ನಿಜವಾಗ್ಲೂ ಫೈಲ್ ಕೊಲ್ಲೋದು ಬೇರೆ ಒಂದಿದೆ, ಅವರಿಗೆ ಪಿಆರ್ ಬರೋ ಮುಂಚೆನೇ ಮದ್ವೆ ಆಗಿದ್ದು ಲ್ಯಾಂಡ್ ಆಗೋವಾಗ (ಪಿಆರ್ ಆಗೋ ಹೊತ್ತಲ್ಲಿ) ಅದನ್ನ ಹೇಳ್ದೇ ಇದ್ರೆ. ರೆಗ್ಯುಲೇಷನ್ 117(9)(ಡಿ) ಪ್ರಕಾರ ಆ ಹೆಂಡ್ತೀನ ಆಮೇಲೆ ಫ್ಯಾಮಿಲಿ ಕ್ಲಾಸಲ್ಲಿ (ನೀವು ಈಗ ಹಾಕಿರೋ, ಕುಟುಂಬದವರನ್ನ ಕರೆಸ್ಕೊಳ್ಳೋ ವರ್ಗ) ಸಾಮಾನ್ಯವಾಗಿ ಸ್ಪಾನ್ಸರ್ ಮಾಡೋಕೆ ಆಗಲ್ಲ. ನಿಮಗೆ ಇದು ಅನ್ವಯಿಸಲ್ಲ ಅಂದ್ಕೊಳ್ತೀನಿ, ಆದ್ರೆ ಮನೇಲಿ ಪಿಆರ್‌ಗೆ ಹಾಕಿರೋ ತಮ್ಮಂದಿರು ಇದ್ರೆ ಈಗಲೇ ಹೇಳಿಡಿ, ಅರ್ಜಿ ಹಾಕಿ ವೀಸಾ ಬರೋ ಗ್ಯಾಪಲ್ಲಿ ಮುಹೂರ್ತ ಸಿಕ್ತು ಅಂತ ಮದ್ವೆ ಮಾಡಿ ಮುಗಿಸೋ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ವಿಸಿಟರ್ ಆಗಿ ಹೋದ್ರೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರ್ಬಹುದು, ಅವಧಿ ಮುಗಿಯೋ ಮುಂಚೆ ವಿಸ್ತರಣೆಗೂ ಅರ್ಜಿ ಹಾಕಬಹುದು. ಆದ್ರೆ ವಿಸಿಟರ್ ಸ್ಟೇಟಸ್ಸಲ್ಲಿ ಅಲ್ಲಿನ ಕೆಲಸ ಮಾಡೋ ಹಾಗಿಲ್ಲ. ಅಲ್ಲಿ ಹೋದ ತಕ್ಷಣ ನಿಮ್ಮ ಫೈಲ್ ವಾಪಸ್ ತಗೊಂಡು ಇನ್‌ಲ್ಯಾಂಡ್ (ಕೆನಡಾ ಒಳಗಿದ್ದೇ ಹಾಕೋ ಅರ್ಜಿ) ಅಂತ ಹೊಸದಾಗಿ ಹಾಕಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಯೋಚನೆ ಮಾಡಿ. ಈಗ ಇರೋ ಫ್ಯಾಮಿಲಿ ಕ್ಲಾಸ್ ಫೈಲಿಗೆ ನಿರಾಕರಣೆ ಆದ್ರೆ ಯಜಮಾನ್ರು 30 ದಿನದೊಳಗೆ ಇಮಿಗ್ರೇಷನ್ ಅಪೀಲ್ ಡಿವಿಷನ್‌ಗೆ ಹೋಗ್ಬಹುದು, ಇನ್‌ಲ್ಯಾಂಡ್‌ಗೆ ಆ ಅಪೀಲ್ ಹಕ್ಕಿಲ್ಲ. ನನ್ನ ಕೇಳಿದ್ರೆ ಹೋಗಿ, ಇದ್ದು ಬನ್ನಿ, ಫೈಲನ್ನ ಅದರ ಪಾಡಿಗೆ ಬಿಡಿ.

ಮನೆಯವರ ಬಗ್ಗೆ ಒಂದು ಮಾತು. "ಇನ್ನೂ ವೀಸಾ ಬಂದಿಲ್ವಾ?" ಅಂತ ಪ್ರತಿ ಮದ್ವೆ ಮನೇಲೂ ಕೇಳ್ತಾರೆ, ಅದು ಬೇಜಾರೇ. ಆದ್ರೆ ಅತ್ತೆ ಮಾವನಿಗೆ ಫೈಲ್ ಯಾವ ಹಂತದಲ್ಲಿದೆ ಅಂತ ಗೊತ್ತಿರ್ಲಿ, ಯಜಮಾನ್ರೇ ಫೋನ್ ಮಾಡಿ ಹೇಳ್ಲಿ, ಹುಡುಗಿ ಮೇಲೆ ಆ ಭಾರ ಹಾಕೋದು ಸರಿ ಅಲ್ಲ. 2022ರಿಂದ ಸ್ಪೌಸ್ ಅರ್ಜಿಗಳಿಗೆ ಆನ್‌ಲೈನ್ ಟ್ರ್ಯಾಕರ್ ಇದೆ, ಅದನ್ನ ದಿನಾ ಹತ್ತು ಸಲ ರಿಫ್ರೆಶ್ ಮಾಡೋದ್ರಿಂದ ಏನೂ ಬದಲಾಗಲ್ಲ, ವಾರಕ್ಕೊಂದ್ಸಲ ಸಾಕು. ಇಮೇಲ್ ಮಾತ್ರ ದಿನಾ ನೋಡಿ, ಸ್ಪ್ಯಾಮ್ ಫೋಲ್ಡರ್ ಸೇರಿಸಿ, ಬಯೋಮೆಟ್ರಿಕ್ (ಬೆರಳಚ್ಚು, ಫೋಟೋ), ಮೆಡಿಕಲ್ (ಆರೋಗ್ಯ ತಪಾಸಣೆ), ಎಕ್ಸ್‌ಟ್ರಾ ಡಾಕ್ಯುಮೆಂಟ್ ಕೇಳಿದಾಗ ಗಡುವು ಕೊಟ್ಟಿರ್ತಾರೆ.

ಕೊನೇದಾಗಿ ಕೆಲಸ. ಮೆಡಿಕಲ್ ಆಯ್ತು ಅನ್ನೋ ಖುಷೀಲಿ ಕೆಲಸ ಬಿಟ್ಟು, ಆಮೇಲೆ ತಿಂಗಳುಗಟ್ಟಲೆ ಮನೇಲಿ ಕೂತು ಕುಗ್ಗಿ ಹೋದ ಹುಡುಗೀರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ವಿಸಿಟರ್ ವೀಸಾಗೂ ನಿಮ್ಮ ಕೆಲಸವೇ ದೊಡ್ಡ ಆಧಾರ. ಪಾಸ್‌ಪೋರ್ಟ್ ಕಳಿಸಿ ಅಂತ ರಿಕ್ವೆಸ್ಟ್ ಬರೋವರೆಗೆ ಪೇಪರ್ ಹಾಕ್ಬೇಡಿ. ಮೆಡಿಕಲ್ 12 ತಿಂಗಳು ಮಾತ್ರ ಚಾಲ್ತೀಲಿರತ್ತೆ, ಸಿಓಪಿಆರ್ (ಪಿಆರ್ ಮಂಜೂರಾಗಿದೆ ಅನ್ನೋ ಪತ್ರ) ಮೇಲಿನ ಕೊನೇ ದಿನಾಂಕ ಸಾಮಾನ್ಯವಾಗಿ ಅದಕ್ಕೋ ಪಾಸ್‌ಪೋರ್ಟ್ ಮುಗಿಯೋ ದಿನಕ್ಕೋ ಹೊಂದ್ಕೊಂಡಿರತ್ತೆ, ಅದನ್ನ ಮುಂದಕ್ಕೆ ಹಾಕಿಸ್ಕೊಳ್ಳೋಕೆ ಆಗಲ್ಲ. ಇಲ್ಲಿ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ ಇರೋದು ಮಾಮೂಲು, ನಿಮ್ಮ ಆಫರ್ ಲೆಟರಲ್ಲಿ ಎಷ್ಟಿದೆ, ಬೈಔಟ್ (ನೋಟಿಸ್ ಬದಲು ದುಡ್ಡು ಕಟ್ಟಿ ಬೇಗ ಬಿಡೋದು) ಇದೆಯಾ ಅಂತ ಈಗಲೇ ನೋಡಿಟ್ಕೊಳ್ಳಿ, ಮೆಡಿಕಲ್ ತಡವಾಗಿ ಆಗಿದ್ರೆ ನಿಮಗೆ ಆರಾಮಾಗಿ ಟೈಮ್ ಸಿಗತ್ತೆ, ಬೇಗ ಆಗಿದ್ರೆ ಮೂರು ತಿಂಗಳ ನೋಟಿಸ್ ಸರ್ವ್ ಮಾಡೋಕೇ ಟೈಮ್ ಇರಲ್ಲ, ಆಗ ಎಚ್‌ಆರ್ ಹತ್ರ ಮಾತಾಡೋಕೆ ಸಿಓಪಿಆರ್ ಮೇಲಿನ ಆ ಒಂದು ತಾರೀಖೇ ಸಾಕು.