ಟಿವಿನಾ, ಪ್ರೊಜೆಕ್ಟರಾ? ಮೊದಲು ಕೊನೆ ಬೆಂಚಲ್ಲಿ ಕೂತು ನೋಡಿ

"ಸರ್, ಹಳೆ ವಿದ್ಯಾರ್ಥಿಗಳು ಒಂದೂವರೆ ಲಕ್ಷ ಕೊಡ್ತಿದ್ದಾರೆ. ಕ್ಲಾಸಿಗೆ ಯಾವ ಟಚ್ ಪ್ಯಾನೆಲ್ ತಗೊಳ್ಳೋಣ?"

ಜೂನ್ ಬಂತೆಂದರೆ ನನಗೆ ಇಂಥ ಫೋನು ಶುರು. ಈ ಸಲ ಮಾಡಿದವರು ಒಬ್ಬ ಹೆಡ್‌ಮೇಡಂ. ಬೋರ್ಡಿನಿಂದ ಕೊನೆ ಬೆಂಚು ಎಷ್ಟು ಅಡಿ ಮೇಡಂ, ಅಂದೆ. ಅಳತೆ ಮಾಡಿರಲಿಲ್ಲ. ಯಾರೂ ಮಾಡಿರುವುದಿಲ್ಲ ಬಿಡಿ.

ಲೆಕ್ಕ ಸುಲಭ. ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಅಕ್ಷರ ಆರಾಮಾಗಿ ಓದಬಹುದು ಅಂತ ಒಂದು ಅಂದಾಜಿದೆ. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂ.ಮೀ., ಹಾಗಾಗಿ ಹತ್ತೂವರೆ ಅಡಿಗೇ ಅದರ ಆಟ ಮುಗಿಯಿತು. 65 ಇಂಚಿನದು 16 ಅಡಿವರೆಗೆ ಬರುತ್ತದೆ. 100 ಇಂಚಿನ ಪ್ರೊಜೆಕ್ಟರ್ ಚಿತ್ರವಾದರೆ 24 ಅಡಿ. ಅದರ ಮೇಲೆ ನಮ್ಮದು ಒತ್ತಕ್ಷರದ ಭಾಷೆ. 'ರಾಷ್ಟ್ರ'ದ ಕೆಳಗಿನ ಒತ್ತುಗಳು ಹಿಂದಿನವರಿಗೆ ಬರೀ ಇರುವೆ ಸಾಲು, ಅಲ್ವಾ?

ಹಾಗಂತ ಪ್ರೊಜೆಕ್ಟರೇ ಒಳ್ಳೆಯದು ಅಂತಲ್ಲ. ಕರ್ಟನ್ ಇಲ್ಲದ ಎರಡು ಕಿಟಕಿ ಇದ್ದರೆ ಮಧ್ಯಾಹ್ನದ ಪಾಠ ಪೂರ್ತಿ ಮಸುಕು. ಪ್ರೊಜೆಕ್ಟರಿನ ಬೆಳಕು ಕನಿಷ್ಠ 3000 ಲ್ಯೂಮೆನ್ ಬೇಕು, ಅದೂ ಆನ್ಸಿ ಲ್ಯೂಮೆನ್, ಅಂದರೆ ಗೊತ್ತಾದ ಒಂದು ಕ್ರಮದಲ್ಲಿ ಅಳೆದದ್ದು ಅಂತ ಬರೆದಿರಬೇಕು. ಆನ್‌ಲೈನಿನಲ್ಲಿ ಏಳೆಂಟು ಸಾವಿರಕ್ಕೆ ಸಿಗುವ ಪುಟ್ಟ ಡಬ್ಬಿಗಳ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ನಂಬಬೇಡಿ. ಸೀಮೆಸುಣ್ಣದ ಪುಡಿ ಫಿಲ್ಟರಿಗೆ ಹೋಗಿ ಕೂರುತ್ತದೆ, ತಿಂಗಳಿಗೊಮ್ಮೆ ಬ್ರಶ್ ಹಿಡಿದು ಉದುರಿಸಬೇಕು. ಲ್ಯಾಂಪಿನ ಪ್ರೊಜೆಕ್ಟರಾದರೆ ಯುಪಿಎಸ್ ಇರಲೇಬೇಕು, ಯಾಕೆಂದರೆ ಕರೆಂಟ್ ಹೋದ ತಕ್ಷಣ ಫ್ಯಾನೂ ನಿಂತು ಬಿಸಿ ಲ್ಯಾಂಪು ಹಾಗೇ ಉಳಿಯುತ್ತದೆ. ಟಿವಿಗೆ ಈ ರಗಳೆ ಯಾವುದೂ ಇಲ್ಲ.

ಮುಟ್ಟಿದರೆ ಬರೆಯುವ ಪ್ಯಾನೆಲ್ಲೇ ಬೇಕು ಅನ್ನುವವರಿಗೆ ನನ್ನದೊಂದು ತಕರಾರು. ನಾನು ನೋಡಿದ ಹೆಚ್ಚಿನ ಕಡೆ ಅದರಲ್ಲಿ ವಿಡಿಯೊ ಹಾಕುತ್ತಾರೆ, ಅಷ್ಟೆ. ಗಣಿತದವರು ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್ ಬಳಸಿ ತ್ರಿಭುಜದ ಮೂಲೆ ಎಳೆದು ತೋರಿಸುತ್ತಾರೆ ಅಂದರೆ ಸರಿ, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಆ ಕೆಲಸ ಲ್ಯಾಪ್‌ಟಾಪಿನ ಮೌಸಿನಲ್ಲೂ ಆಗುತ್ತದಲ್ಲ.

ಇನ್ನೊಂದು ಫಜೀತಿ ಯಂತ್ರದ್ದೇ ಅಲ್ಲ. ಒಂದು ತರಬೇತಿಯಲ್ಲಿ ವಿಜ್ಞಾನದ ಮೇಷ್ಟ್ರು ರಾತ್ರಿಯೆಲ್ಲಾ ಕೂತು ಮಾಡಿದ ಪಿಪಿಟಿ ತಂದಿದ್ದರು. ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಅಂಟಿಸಿದ ಹಾಗೆ ಏನೇನೋ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು, ನಮ್ಮಲ್ಲಿ ಆ ಫಾಂಟ್ ಇರಲಿಲ್ಲ. ಪಾಪ, ಮುಖ ಸಣ್ಣದಾಯಿತು. ಬೇರೆಯವರ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಯೂನಿಕೋಡಿನಲ್ಲಿ ಟೈಪ್ ಮಾಡಿ. ಆಗದಿದ್ದರೆ ಪಿಡಿಎಫ್ ಮಾಡಿಟ್ಟುಕೊಂಡು ಹೋಗಿ.

ದುಡ್ಡು ಉಳಿದರೆ ಬಗ್ಗುವ ಕುತ್ತಿಗೆಯ ಮೊಬೈಲ್ ಸ್ಟ್ಯಾಂಡ್ ತಗೊಳ್ಳಿ. ಫೋನನ್ನು ಮಗುವಿನ ನೋಟ್‌ಬುಕ್ ಮೇಲೆ ಕೆಳಮುಖ ನಿಲ್ಲಿಸಿ, ಪರದೆಗೆ ಜೋಡಿಸಿ. ಭಾಗಾಕಾರದಲ್ಲಿ ಎಲ್ಲಿ ಎಡವಿತು ಅಂತ ಇಡೀ ಕ್ಲಾಸು ಒಟ್ಟಿಗೆ ಹುಡುಕುತ್ತದೆ. ಕೆಲವು ಫೋನಿಗೆ ಕೇಬಲ್ ಹಾಕಿದರೂ ಚಿತ್ರ ಬರುವುದಿಲ್ಲ, ಅಂಗಡಿಯಲ್ಲೇ ಹಾಕಿ ನೋಡಿ.

ಹೆಡ್‌ಮೇಡಂ ಸಂಜೆ ಮತ್ತೆ ಫೋನ್ ಮಾಡಿದರು. ಟೇಪ್ ಹಿಡಿದಿದ್ದರಂತೆ.

"22 ಅಡಿ ಸರ್. ಏನ್ ಮಾಡೋಣ?"

"ಕಿಟಕಿ ಎಷ್ಟಿವೆ ಮೇಡಂ?"

"ನಾಲ್ಕು."

ಮೊದಲು ದರ್ಜಿ ಹತ್ತಿರ ಹೋಗಿ ದಪ್ಪ ಕರ್ಟನ್ ಹೊಲಿಸಿ, ಅಂದೆ.