ನಸುಕಿನ ನೀರು, ಮಧ್ಯಾಹ್ನದ ನೀರು

ಕೆರೆ ಉಳಿಸಲು ಹೊರಟ ಗುಂಪಿನವರು ನೀರಿನ ಪರೀಕ್ಷಾ ವರದಿ ಹಿಡಿದು ಬಂದಾಗ, ಅದರಲ್ಲಿರುವ ಅಂಕಿಗಳನ್ನು ನೋಡುವ ಮೊದಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನೀರನ್ನು ಬಾಟಲಿಗೆ ತುಂಬಿದ್ದು ಎಷ್ಟು ಗಂಟೆಗೆ? ಹೆಚ್ಚಿನವರಿಗೆ ನೆನಪಿರುವುದಿಲ್ಲ. ಕೆಲವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸುತ್ತದೆ. ಸಿಹಿನೀರಿನ ಜೀವಪರಿಸರವನ್ನು ಅಧ್ಯಯನ ಮಾಡುವುದು ನನ್ನ ವೃತ್ತಿ. ಇಂಥ ಗುಂಪುಗಳೊಡನೆ ಕುಳಿತು ಅವರ ದಾಖಲೆಗಳನ್ನು ಓದುವ ಕೆಲಸವೂ ಹಲವು ವರ್ಷಗಳಿಂದ ಅದರ ಜೊತೆಗೇ ನಡೆದುಬಂದಿದೆ. ಪ್ರಾಮಾಣಿಕ ಜನರ ಹೋರಾಟಗಳು ಈ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಅಲ್ಲೇ ನಿಂತುಹೋದದ್ದನ್ನು ಕಂಡು ಸಂಕಟಪಟ್ಟಿದ್ದೇನೆ.

ಒಂದು ಬೇಸಿಗೆಯಲ್ಲಿ ಒಂದು ಕೆರೆಯಲ್ಲಿ ಸತತ ಮೂರು ದಿನ ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲುತ್ತಿದ್ದವು. ಅಲ್ಲಿನ ಗುಂಪು ದೂರು ಕೊಟ್ಟಿತು. ಸಂಬಂಧಪಟ್ಟ ಕಚೇರಿಯ ಸಿಬ್ಬಂದಿ ಬಂದು ನೀರು ತೆಗೆದುಕೊಂಡು ಹೋದರು. ವರದಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 11 ಮಿಲಿಗ್ರಾಂ ಎಂದಿತ್ತು. 5 ಮಿಲಿಗ್ರಾಂ ಇದ್ದರೆ ಮೀನಿಗೆ ತೊಂದರೆಯಿಲ್ಲ ಎಂಬುದು ಸಾಮಾನ್ಯ ಲೆಕ್ಕ. ಹಾಗಾಗಿ ನೀರಿನಲ್ಲಿ ದೋಷವಿಲ್ಲ, ಮೀನು ಸತ್ತದ್ದು ಬಿಸಿಲಿನ ಝಳಕ್ಕೆ ಎಂಬ ಉತ್ತರ ಬಂತು. ವರದಿಯೇ ಸುಳ್ಳು ಎಂದು ಗುಂಪಿನವರು ಸಿಟ್ಟಾದರು. ವರದಿ ಸುಳ್ಳಾಗಿರಲಿಲ್ಲ. ನೀರು ತೆಗೆದದ್ದು ಮಧ್ಯಾಹ್ನ ಎರಡು ಗಂಟೆಗೆ.

ಕೊಳಚೆ ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಬಿಸಿಲು ಹೀರಿ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅದನ್ನು ಮೀರಿದ 11 ಎಂಬ ಅಂಕಿಯೇ ಪಾಚಿ ಮಿತಿಮೀರಿದೆ ಎಂದು ಹೇಳುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಉಸಿರಾಟಕ್ಕಾಗಿ ಆಮ್ಲಜನಕವನ್ನು ಬಳಸುತ್ತದೆ. ತಳದ ಹೂಳಿನಲ್ಲಿ ಕೊಳೆಯುವ ಪದಾರ್ಥವನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಅದರ ಜೊತೆ ಸೇರುತ್ತವೆ. ರಾತ್ರಿ ಸರಿದಂತೆ ಮಟ್ಟ ಇಳಿಯುತ್ತಾ ಹೋಗಿ, ಸೂರ್ಯೋದಯಕ್ಕೆ ತುಸು ಮುಂಚೆ ಅತಿ ಕಡಿಮೆಯಾಗುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ಒಂದೇ ಕೆರೆ ನಸುಕಿನಲ್ಲಿ ಉಸಿರುಗಟ್ಟಿಸುತ್ತದೆ, ಮಧ್ಯಾಹ್ನ ಆರೋಗ್ಯವಾಗಿ ಕಾಣುತ್ತದೆ.

ಆ ಗುಂಪಿನವರು ಒಂದು ಕಾಲೇಜಿನಿಂದ ಮೀಟರ್ ಎರವಲು ತಂದರು. ಎರಡು ವಾರ, ಪಾಳಿ ಹಾಕಿಕೊಂಡು, ಕತ್ತಲಿರುವಾಗಲೇ ದಂಡೆಗೆ ಹೋಗಿ ಒಂದೇ ಜಾಗದಲ್ಲಿ ಅಳೆದರು. ಬಹುತೇಕ ದಿನಗಳಲ್ಲಿ ಅಂಕಿ 2 ಮಿಲಿಗ್ರಾಂಗಿಂತ ಕೆಳಗಿತ್ತು. ಪ್ರತಿ ಸಾಲಿನ ಎದುರು ಸಮಯ, ನೀರಿನ ಉಷ್ಣತೆ, ಮೋಡವಿತ್ತೇ ಎಂಬ ಟಿಪ್ಪಣಿ, ಅಳೆದವರ ಸಹಿ. ಈ ಪುಟಗಳನ್ನು ಕಂಡ ಕಚೇರಿಯವರು ನಸುಕಿನಲ್ಲಿ ತಾವೇ ಬಂದು ಅಳೆಯಲು ಒಪ್ಪಿದರು. ಮಾತಿನ ಧಾಟಿ ಬದಲಾದದ್ದು ಅಂದಿನಿಂದ. ಅದಕ್ಕೆ ಮೊದಲು ಗುಂಪಿನವರು ಮೂರು ಮೆರವಣಿಗೆ ನಡೆಸಿದ್ದರು.

ಮೆರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಜನರನ್ನು ಕೂಡಿಸುತ್ತದೆ, ಅಧಿಕಾರದಲ್ಲಿರುವವರು ತಿರುಗಿ ನೋಡುವಂತೆ ಮಾಡುತ್ತದೆ. ಆದರೆ ಅವರು ತಿರುಗಿ ನೋಡಿದಾಗ ನಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೊಸ ಗುಂಪು ಕಟ್ಟುವವರು ಬ್ಯಾನರ್ ಬರೆಸುವ ಮೊದಲು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಳ್ಳಲಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಅದರಲ್ಲಿ ಬರೆಯಬೇಕಾದದ್ದು ಬಹಳವಿಲ್ಲ. ನೀರಿನ ಮಟ್ಟ, ಒಳಹರಿವಿನ ಕಾಲುವೆಯ ಬಣ್ಣ ಮತ್ತು ವಾಸನೆ, ಕಂಡ ಹಕ್ಕಿಗಳು, ಒಂದೇ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ತೆಗೆದ ಒಂದು ಫೋಟೊ. ನೀರಿನ ತಿಳಿಯನ್ನು ಅಳೆಯಲು 1865ರಲ್ಲಿ ಇಟಲಿಯ ಪಾದ್ರಿ, ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ ಬಳಸಿದ ತಟ್ಟೆ ಇಂದಿಗೂ ಸಾಕು. ಕೆರೆಗಳಿಗೆ ಬಳಸುವುದು 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳುಪು ಬಣ್ಣ ಬಳಿದ ತಟ್ಟೆ. ಅಳತೆಯ ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಅದನ್ನು ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಯಿತು ಎಂದು ಬರೆದುಕೊಂಡರೆ ಮುಗಿಯಿತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ನನ್ನಷ್ಟೇ ಚೆನ್ನಾಗಿ ಮಾಡಬಲ್ಲಳು.

ಒಂದು ಮಾತನ್ನು ಮಾತ್ರ ಪ್ರತಿ ಸಲವೂ ಹೇಳಬೇಕಾಗುತ್ತದೆ: ಏನೂ ಕಾಣದ ದಿನವನ್ನೂ ಬರೆಯಿರಿ. ಹಕ್ಕಿ ಎಣಿಸಲು ಹೋಗಿ ಒಂದೂ ಕಾಣದೆ ಮರಳಿದವರು ಪುಟವನ್ನು ಖಾಲಿ ಬಿಟ್ಟರೆ, ಆ ದಿನ ಯಾರೂ ಹೋಗಲಿಲ್ಲವೋ ಹಕ್ಕಿಯೇ ಇರಲಿಲ್ಲವೋ ಎಂದು ಐದು ವರ್ಷದ ನಂತರ ಯಾರಿಗೂ ಗೊತ್ತಾಗುವುದಿಲ್ಲ. ಸೊನ್ನೆ ಎಂದು ಬರೆದರೆ ಅದು ಸಾಕ್ಷಿಯಾಗುತ್ತದೆ.

ಹವ್ಯಾಸಿಗಳ ತಾಳ್ಮೆ ಏನು ಮಾಡಬಲ್ಲದು ಎಂಬುದಕ್ಕೆ ಜರ್ಮನಿಯ ಕ್ರೆಫೆಲ್ಡ್ ಊರಿನ ಕೀಟ ಸಂಘವನ್ನು ನೋಡಬೇಕು. 1905ರಲ್ಲಿ ಹುಟ್ಟಿದ ಈ ಸಂಘದ ಸದಸ್ಯರಲ್ಲಿ ಬಹುಪಾಲು ಜನ ಬೇರೆ ಬೇರೆ ವೃತ್ತಿಗಳವರು, ಬಿಡುವಿನಲ್ಲಿ ಕೀಟ ನೋಡುವವರು. 1989ರಿಂದ ಅವರು ಸಂರಕ್ಷಿತ ಪ್ರದೇಶಗಳಲ್ಲಿ ಒಂದೇ ಮಾದರಿಯ ಬಲೆಗಳನ್ನು ಒಂದೇ ವಿಧಾನದಲ್ಲಿ ಹೂಡಿ, ಸಿಕ್ಕ ಕೀಟಗಳನ್ನು ತೂಗಿ, ಆಲ್ಕೋಹಾಲಿನ ಬಾಟಲಿಗಳಲ್ಲಿ ಕಾಪಿಟ್ಟರು. 63 ಜಾಗಗಳ, 27 ವರ್ಷಗಳ ಆ ದಾಖಲೆಯನ್ನು ವಿಜ್ಞಾನಿಗಳ ಜೊತೆ ಸೇರಿ ವಿಶ್ಲೇಷಿಸಿ 2017ರಲ್ಲಿ ಪ್ರಕಟಿಸಿದಾಗ, ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಭಾಗಕ್ಕೂ ಹೆಚ್ಚು ಕುಸಿದಿದೆ ಎಂದು ಲೋಕಕ್ಕೆ ತಿಳಿಯಿತು. ಮೊದಲ ಬಲೆ ಕಟ್ಟಿದ ದಿನ ಇಂಥ ಉತ್ತರ ಸಿಗುತ್ತದೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ವಿಧಾನವನ್ನು ಬದಲಿಸದೆ ಉಳಿಸಿಕೊಂಡದ್ದರಿಂದಲೇ ಆ ಹಳೆಯ ಬಾಟಲಿಗಳಿಗೆ ಬೆಲೆ ಬಂತು.

ಅಮೆರಿಕದ ಫ್ಲಿಂಟ್ ನಗರದ ಪ್ರಕರಣವನ್ನು ಬೇರೆ ಕಾರಣಕ್ಕೆ ನೆನೆಯುತ್ತೇನೆ. 2014ರ ಏಪ್ರಿಲ್‌ನಲ್ಲಿ ಅಲ್ಲಿ ಕುಡಿಯುವ ನೀರಿನ ಮೂಲವನ್ನು ಬದಲಿಸಿದರು. ಕೊಳವೆ ಸವೆಯದಂತೆ ತಡೆಯುವ ಸಂಸ್ಕರಣೆಯನ್ನು ಮಾಡಲಿಲ್ಲ. ಸೀಸ ನೀರಿಗೆ ಇಳಿಯಿತು. ಅಧಿಕೃತ ಪರೀಕ್ಷೆಯ ಸೂಚನೆಯಲ್ಲಿ ಹಿಂದಿನ ರಾತ್ರಿ ನಲ್ಲಿ ತೆರೆದು ನೀರು ಹರಿಯಬಿಡಿ ಎಂದಿತ್ತು. ಹಾಗೆ ಹರಿಯಬಿಟ್ಟರೆ ಕೊಳವೆಯಲ್ಲಿ ಕೂಡಿದ ಸೀಸದ ಒಂದು ಪಾಲು ಕೊಚ್ಚಿಹೋಗುತ್ತದೆ, ಅಂಕಿ ತಗ್ಗುತ್ತದೆ. 2015ರಲ್ಲಿ ನಿವಾಸಿಗಳು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ 300 ಪರೀಕ್ಷಾ ಕಿಟ್‌ಗಳನ್ನು ಮನೆಗಳಿಗೆ ಹಂಚಿದರು, 250ಕ್ಕೂ ಹೆಚ್ಚು ಮನೆಗಳಿಂದ ಮಾದರಿ ಮರಳಿ ಬಂತು. ಕನಿಷ್ಠ ಆರು ತಾಸು ಕೊಳವೆಯಲ್ಲಿ ಅಲುಗದೆ ನಿಂತ ನೀರು, ಮೊದಲ ಹನಿಯಿಂದಲೇ ಹಿಡಿದ ಬಾಟಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರ ಹಳೆಯ ನೀರಿನ ಮೂಲಕ್ಕೆ ಮರಳಿತು. ಅಲ್ಲಿಯೂ ನಿಜ ಅಡಗಿದ್ದದ್ದು ನೀರನ್ನು ಯಾವಾಗ, ಹೇಗೆ ಹಿಡಿದರು ಎಂಬುದರಲ್ಲಿ.

ದಾಖಲೆ ಕೈಗೆ ಬಂದ ಮೇಲೆ ಬೇಡಿಕೆ ಏನಿರಬೇಕು? ಇಲ್ಲಿ ಗುಂಪುಗಳು ಎಡವುತ್ತವೆ. ‘ಕೆರೆ ಉಳಿಸಿ’ ಎಂಬ ಬೇಡಿಕೆಗೆ ಇಲ್ಲವೆನ್ನುವ ಅಧಿಕಾರಿ ಯಾರೂ ಇಲ್ಲ. ಅದಕ್ಕಾಗಿ ನಾಳೆ ಬೆಳಗ್ಗೆ ಒಂದು ಕೆಲಸ ಮಾಡುವ ಅಧಿಕಾರಿಯೂ ಇಲ್ಲ. ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರದವರು ಇದನ್ನು ಚೆನ್ನಾಗಿ ಅರಿತಿದ್ದರು. 1933ರಲ್ಲಿ ಮತ್ತು 1950ರಲ್ಲಿ ಆ ಸರೋವರದ ಅಧ್ಯಯನ ನಡೆದಿತ್ತು. ಹೀಗಾಗಿ 1955ರಲ್ಲಿ ಸರೋವರ ವಿಜ್ಞಾನಿ ಡಬ್ಲ್ಯು. ಟಿ. ಎಡ್ಮಂಡ್ಸನ್ ಮತ್ತು ಸಂಗಡಿಗರು ಅಲ್ಲಿ ಒಂದು ಹೊಸ ಸಯನೋಬ್ಯಾಕ್ಟೀರಿಯಾವನ್ನು (ನೀಲಿ-ಹಸಿರು ಪಾಚಿ ಎಂದು ಕರೆಯುವ ಸೂಕ್ಷ್ಮಜೀವಿ) ಕಂಡಾಗ ಹೋಲಿಸಿ ನೋಡಲು ಹಳೆಯ ಅಂಕಿಗಳಿದ್ದವು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ ಕೆಡುವ ಮುನ್ನ ಕಾಣಿಸಿಕೊಂಡದ್ದೂ ಅದೇ ಜೀವಿ. ಕಾರಣ, ಸುತ್ತಲಿನ ಘಟಕಗಳು ಸಂಸ್ಕರಿಸಿ ಬಿಡುತ್ತಿದ್ದ ಕೊಳಚೆ ನೀರಿನಲ್ಲಿ ಉಳಿಯುತ್ತಿದ್ದ ರಂಜಕ. ಸಂಸ್ಕರಿಸಿದ ನೀರು ಕಣ್ಣಿಗೆ ತಿಳಿಯಾಗಿದ್ದರೂ ಪಾಚಿಗೆ ಅದು ಗೊಬ್ಬರವೇ.

ವಕೀಲ ಜೇಮ್ಸ್ ಎಲ್ಲಿಸ್ ಮತ್ತು ನಾಗರಿಕರ ಸಮಿತಿ ಕೇಳಿದ್ದು ಕೊನೆಗೆ ಒಂದನ್ನೇ: ಆ ನೀರು ಸರೋವರಕ್ಕೆ ಸೇರದಂತೆ ತಿರುಗಿಸಿ. ಆದರೆ 1958ರ ಮಾರ್ಚ್‌ನಲ್ಲಿ ಜನಮತಕ್ಕೆ ಹೋದ ಪ್ರಸ್ತಾಪದಲ್ಲಿ ಸಾರಿಗೆ, ನಗರ ಯೋಜನೆಗಳೂ ಸೇರಿದ್ದವು, ಅದು ಸೋತಿತು. ಅವರು ಅದನ್ನು ಕೊಳಚೆ ನೀರಿಗೆ ಸೀಮಿತಗೊಳಿಸಿ, ಯೋಜನೆಗೆ ಒಳಪಡುವ ಪ್ರದೇಶದ ಗಡಿಯನ್ನು ತಿದ್ದಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತ್ತೆ ಮತಕ್ಕೆ ಹಾಕಿ ಗೆದ್ದರು. 1963ರಿಂದ 1968ರವರೆಗೆ ನೀರನ್ನು ಹಂತಹಂತವಾಗಿ ತಿರುಗಿಸಲಾಯಿತು. ಬೇಸಿಗೆಯಲ್ಲಿ ಸುಮಾರು 1 ಮೀಟರ್ ಆಳಕ್ಕೇ ಮರೆಯಾಗುತ್ತಿದ್ದ ಸೆಕ್ಕಿ ತಟ್ಟೆ 1970ರ ದಶಕದ ಆರಂಭಕ್ಕೆ 3 ಮೀಟರ್ ಆಸುಪಾಸಿನವರೆಗೂ ಕಾಣತೊಡಗಿತು. ಸೋತ ಆರು ತಿಂಗಳಲ್ಲಿ ಬೇಡಿಕೆಯನ್ನು ಕಿರಿದಾಗಿಸಿ ಮರಳಿ ನಿಂತ ಆ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ. ಎಲ್ಲವನ್ನೂ ಒಟ್ಟಿಗೆ ಕೇಳಿ ಏನೂ ಸಿಗದೆ ಚದುರಿಹೋದ ಗುಂಪುಗಳನ್ನು ನಾನು ಬಲ್ಲೆ.

ಕಾರಣ ತಿಳಿಯದೆ ಕೆಲಸಕ್ಕೆ ಇಳಿದರೆ ಶ್ರಮ ಮಣ್ಣುಪಾಲಾಗುತ್ತದೆ. ಜಲಕಳೆ (ವಾಟರ್ ಹಯಸಿಂತ್) ಕೀಳುವ ಶ್ರಮದಾನವನ್ನೇ ನೋಡಿ. ನೂರು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಇಡೀ ದಿನ ದುಡಿಯುತ್ತಾರೆ, ಸಂಜೆಗೆ ನೀರು ಕಾಣುತ್ತದೆ, ಎಲ್ಲರಿಗೂ ಹಿಗ್ಗು. ಪೋಷಕಾಂಶ ತುಂಬಿದ ನೀರಿನಲ್ಲಿ ಈ ಕಳೆ ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ತಳದಲ್ಲಿ ಬಿದ್ದ ಬೀಜಗಳು ಹತ್ತಾರು ವರ್ಷ ಜೀವ ಹಿಡಿದಿರುತ್ತವೆ. ಕೊಳಚೆ ನಿಲ್ಲದಿದ್ದರೆ ಮುಂದಿನ ಹಂಗಾಮಿಗೆ ಹಸಿರು ಚಾಪೆ ಮರಳಿ ಹಾಸಿರುತ್ತದೆ, ಬಂದ ನೂರರಲ್ಲಿ ಎಂಬತ್ತು ಜನ ಮತ್ತೆ ಬರುವುದಿಲ್ಲ. ಕಿತ್ತ ಕಳೆಯನ್ನು ದಂಡೆಯಲ್ಲೇ ರಾಶಿ ಹಾಕುವುದು ಇನ್ನೂ ಕೆಟ್ಟದ್ದು: ಕೊಳೆತ ರಸವೆಲ್ಲ ನೀರಿಗೇ ಇಳಿಯುತ್ತದೆ. ದೂರ ಸಾಗಿಸಲು ಗಾಡಿ ಗೊತ್ತು ಮಾಡದೆ ಒಂದು ಗಿಡವನ್ನೂ ಕೀಳಬೇಡಿ.

ಗಿಡ ನೆಡುವ ಉತ್ಸಾಹದ ಬಗ್ಗೆಯೂ ನನಗೆ ಕಳವಳವಿದೆ. ಎಲ್ಲ ಬಯಲೂ ಮರಕ್ಕಾಗಿ ಕಾದಿರುವ ಜಾಗವಲ್ಲ. ಹುಲ್ಲುಗಾವಲಿನಲ್ಲಿ, ನೀರು ಇಳಿದಾಗ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ, ಕೆಸರು ಕೆದಕಿ ತಿನ್ನುವ ಹಕ್ಕಿಗಳು ಬದುಕುತ್ತವೆ. ಅಲ್ಲಿ ಸಾಲುಗಿಡ ನೆಟ್ಟರೆ ಅವುಗಳ ಮನೆ ಹೋಗುತ್ತದೆ. ಕನಿಷ್ಠ ಒಂದು ವರ್ಷದ ನೋಟ್‌ಬುಕ್ ತುಂಬದೆ ನೆಡುವ ತೀರ್ಮಾನ ಬೇಡ ಎನ್ನುತ್ತೇನೆ. ಇದಕ್ಕೆ ಹೆಚ್ಚಿನವರು ಬೇಸರಪಡುತ್ತಾರೆ, ಆದರೂ ಹೇಳುವುದನ್ನು ಬಿಟ್ಟಿಲ್ಲ.

ಯೋಜನೆಗಳ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಯುವಾಗ ಆಕ್ಷೇಪಣೆ ಬರೆಯುವುದು ಒಂದು ಪ್ರತ್ಯೇಕ ಕಸುಬು. ಪರಿಸರದ ಮಾಹಿತಿ ಪಡೆಯುವ, ತೀರ್ಮಾನದಲ್ಲಿ ಪಾಲ್ಗೊಳ್ಳುವ, ನ್ಯಾಯ ಕೇಳುವ ಹಕ್ಕುಗಳನ್ನು ಮುಖ್ಯವಾಗಿ ಯುರೋಪಿನ ದೇಶಗಳು ಸೇರಿ ಮಾಡಿಕೊಂಡ 1998ರ ಆರ್ಹಸ್ ಒಪ್ಪಂದ ಒಟ್ಟಿಗೆ ಹೇಳಿತು. ಬೇರೆ ಬೇರೆ ದೇಶಗಳ ಕಾನೂನುಗಳಲ್ಲಿ ಇವು ಬೇರೆ ಬೇರೆ ರೂಪದಲ್ಲಿವೆ. ಆದರೆ ವಿಚಾರಣೆ ಮತದಾನವಲ್ಲ. ಒಂದೇ ಒಕ್ಕಣೆಯ ಸಾವಿರ ಪತ್ರಗಳನ್ನು ಒಂದೇ ಆಕ್ಷೇಪಣೆಯಾಗಿ ಪರಿಗಣಿಸುವುದುಂಟು. ‘ವರದಿಯ ಇಂಥ ಪುಟದಲ್ಲಿ ಇಲ್ಲಿ ವಲಸೆ ಹಕ್ಕಿಗಳಿಲ್ಲ ಎಂದಿದೆ; ಸಮೀಕ್ಷೆ ನಡೆದದ್ದು ಅವು ಮರಳಿ ಹೋದ ಮೇಲಿನ ತಿಂಗಳಲ್ಲಿ; ಅವು ಇರುವ ತಿಂಗಳುಗಳ ನಮ್ಮ ನಾಲ್ಕು ವರ್ಷದ ಎಣಿಕೆ ಇದರೊಂದಿಗಿದೆ’ ಎಂದು ಬರೆದ ಒಂದು ಹಾಳೆಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟ. ಗಡುವಿನ ದಿನಾಂಕವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ನೀರನ್ನು ದಿನವೂ ಬಳಸುವವರನ್ನು ಹೊರಗಿಟ್ಟು ನಡೆಸುವ ಸಂರಕ್ಷಣೆ ನನಗೆ ಒಪ್ಪಿಗೆಯಿಲ್ಲ. ಮೀನು ಹಿಡಿಯುವವರು, ದನ ಮೇಯಿಸುವವರು, ಹುಲ್ಲು ಕೊಯ್ಯುವವರು ಬೇಲಿಯಾಚೆ ನಿಂತು ನೋಡುವಂತಾದರೆ ಆ ಕೆರೆಗೆ ರಾತ್ರಿ ಕಾವಲು ಇಲ್ಲವಾಗುತ್ತದೆ. ಜನರು ತಮ್ಮ ಸಾಮೂಹಿಕ ಕಾಡು, ನೀರು, ಮೇವಿನ ನೆಲಗಳನ್ನು ತಾವೇ ಕಾಯ್ದುಕೊಂಡ ಬಗೆಯನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಮೇಲ್ವಿಚಾರಕರು ಬಳಕೆದಾರರೇ ಆಗಿರುತ್ತಾರೆ ಅಥವಾ ಬಳಕೆದಾರರಿಗೆ ಉತ್ತರ ಕೊಡಬೇಕಾದವರಾಗಿರುತ್ತಾರೆ ಎಂದು ತೋರಿಸಿದರು. ಮೀನು ಸತ್ತ ಆ ಕೆರೆಯಲ್ಲಿ ನಸುಕಿನ ಪಾಳಿಗೆ ಒಂದು ದಿನವೂ ತಪ್ಪದೆ ಬಂದವರು ಇಬ್ಬರು ಬೆಸ್ತರು. ಕಾಲುವೆಗೆ ರಾತ್ರಿ ಟ್ಯಾಂಕರ್ ಬಂದು ಕೊಳಚೆ ಸುರಿಯುತ್ತದೆ ಎಂದು ಮೊದಲು ಹೇಳಿದವರೂ ಅವರೇ. ಸಭೆಗಳಿಗೆ ಅವರನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

ಆ ಕೆರೆಗೆ ಎರಡು ಒಳಹರಿವುಗಳಿದ್ದವು. ಒಂದನ್ನು ಈಗ ಕೊಳಚೆ ನೀರಿನ ಕೊಳವೆಗೆ ತಿರುಗಿಸಿದ್ದಾರೆ, ಇನ್ನೊಂದರ ಕಡತ ಬಾಕಿಯಿದೆ. ಮೀಟರನ್ನು ಕಾಲೇಜಿಗೆ ಮರಳಿಸಿ, ಚಂದಾ ಎತ್ತಿ ಸ್ವಂತದ್ದೊಂದನ್ನು ಕೊಂಡಿದ್ದಾರೆ. ಕಳೆದ ಸಲ ಹೋದಾಗ ನಾಲ್ಕನೆಯ ನೋಟ್‌ಬುಕ್ ನಡೆಯುತ್ತಿತ್ತು. ಹಿಂದಿನ ಮೂರರ ನಕಲು ಮೂರು ಬೇರೆ ಮನೆಗಳಲ್ಲಿವೆ. ಕೊನೆಯ ಸಾಲಿನಲ್ಲಿ 5 ಗಂಟೆ 20 ನಿಮಿಷ, ಮೋಡ, 3.4 ಮಿಲಿಗ್ರಾಂ ಎಂದಿತ್ತು. ಪಕ್ಕದಲ್ಲಿ ನನಗೆ ಪರಿಚಯವಿಲ್ಲದ ಹೊಸ ಸಹಿ.